ವಿಲ್ಮಿನ ಕೊಂಡ ಓರೆ ಮನೆ

ಏಳು ಮನೆಗಳು ವಿಲ್ಮಿನಳ ಕೈತಪ್ಪಿ ಹೋಗಿದ್ದವು. ಏಳು ಸಲವೂ ಅವಳು ಬೆಲೆ ಬರೆದು ಕಳಿಸಿದ್ದಳು, ಏಳು ಸಲವೂ ಯಾರೋ ಪುಣ್ಯಾತ್ಮರು ಹೆಚ್ಚು ಬರೆದು ಗಿಟ್ಟಿಸಿಕೊಂಡಿದ್ದರು. ಯಾರು ಎಷ್ಟು ಬರೆದರೆಂದು ಯಾರಿಗೂ ತಿಳಿಯದ ಆಟ ಅದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುಸ್ತಿಗಿಳಿದ ಹಾಗೆ. ಆಗಸ್ಟ್ ಕೊನೆಗೆ ಬಾಡಿಗೆ ಕರಾರು ಮುಗಿಯುತ್ತಿತ್ತು. ಅವಳ ಹತ್ತಿರವಿದ್ದ ದುಡ್ಡಿಗೆ ಬೇರೆ ಮನೆ ಸಿಗುವುದು ರಾಟರ್‌ಡಾಮಿನಿಂದ ಅರವತ್ತು ಕಿಲೋಮೀಟರ್ ಆಚೆ, ಸಂಜೆ ಆರಕ್ಕೇ ಬೀದಿ ಮಲಗಿಬಿಡುವ ಊರಿನಲ್ಲಿ. ಐವತ್ತೊಂದು ವರ್ಷದ ವಿಲ್ಮಿನ ರಾಟರ್‌ಡಾಮಿನ ಔಡೆ ನೋರ್ಡೆನ್ ಬಡಾವಣೆಯಲ್ಲೇ ಹುಟ್ಟಿ ಬೆಳೆದವಳು. ಟ್ರಾಮಿನ ಗಂಟೆ, ಮೀನಿನವನ ಕೂಗು, ಕೆಳಗೊಂದು ಜಗಳ, ಮೇಲೊಂದು ಹಾಡು ಇಲ್ಲದಿದ್ದರೆ ಅವಳಿಗೆ ನಿದ್ದೆಯೇ ಬರುತ್ತಿರಲಿಲ್ಲ.

ಎಂಟನೆಯ ಮನೆ ಅವಳು ದಿನಾ ಬ್ರೆಡ್ ಕೊಳ್ಳುವ ನುರೆತ್ತಿನನ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿ. ಕಟ್ಟಡಕ್ಕೆ ನೂರಿಪ್ಪತ್ತು ವರ್ಷ. ನೋಡಲು ಬಂದವರಿಗೆ ತಲಾ ಹದಿನೈದು ನಿಮಿಷ. ಅವಳಿಗಿಂತ ಮುಂಚೆ ಬಂದ ಜೋಡಿ ನೆಲದ ಮೇಲೆ ಗೋಲಿಯೊಂದನ್ನು ಇಟ್ಟಿತು. ಅದು ತಾನಾಗಿ ಉರುಳಿ ಎದುರು ಗೋಡೆಗೆ ಬಡಿಯಿತು.

"ಅಯ್ಯೋ, ಮನೆ ವಾಲಿದೆ ಕಣೇ! ತಳಪಾಯ ಕೊಳೆತಿರ್ಬೇಕು. ನಡಿ ನಡಿ," ಎಂದು ಗಂಡ ಹೆಂಡತಿಯನ್ನು ಎಳೆದುಕೊಂಡೇ ಹೋದ.

ಅವನ ಭಯ ಸುಳ್ಳಲ್ಲ. ಆ ಊರಿನ ಹಳೆ ಮನೆಗಳು ಕೆಸರಲ್ಲಿ ಹೂತ ಮರದ ಕಂಬಗಳ ಮೇಲೆ ನಿಂತಿವೆ. ಕಂಬ ನೀರಲ್ಲಿ ಮುಳುಗಿದ್ದಷ್ಟು ದಿನ ಗಟ್ಟಿ. ನೀರು ಇಳಿದು ಗಾಳಿ ತಾಗಿತೋ, ಕೊಳೆಯಿತು. ಆಮೇಲೆ ರಿಪೇರಿಗೆ ಮನೆಮಠ ಮಾರಬೇಕು.

ಆದರೆ ವಿಲ್ಮಿನ ಇಪ್ಪತ್ತೆರಡು ವರ್ಷದಿಂದ ತಳಪಾಯ ರಿಪೇರಿಯ ಕೆಲಸದವಳು. ಅವಳು ಗೋಲಿ ನೋಡಲಿಲ್ಲ, ಗೋಡೆ ನೋಡಿದಳು. ಬಾಗಿಲ ಮೇಲಿನ ಬಿರುಕಿಗೆ ಯಾವುದೋ ಕಾಲದಲ್ಲಿ ಗಾರೆ ತುಂಬಿದ್ದರು. ಆ ಗಾರೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಮನೆ ಎಂದೋ ವಾಲಿ, ವಾಲಿದಲ್ಲೇ ಭದ್ರವಾಗಿ ಕೂತಿತ್ತು.

"ಮೇಡಂ, ಬಾತ್‌ರೂಮ್ ನೋಡ್ತೀರಾ?" ದಲ್ಲಾಳಿ ಬಾಸ್ತಿಯಾನ್ ಕೇಳಿದ.

"ಇರ್ಲಿ ಬಿಡಪ್ಪ, ಅದೆಲ್ಲೂ ಓಡಿಹೋಗಲ್ಲ," ಎಂದವಳೇ ಇಳಿದು ಬ್ರೆಡ್ ಅಂಗಡಿಗೆ ನುಗ್ಗಿದಳು.

"ನುರೆತ್ತಿನ್, ನಿನ್ನ ಹಿಟ್ಟಿನ ಕೋಣೆ ನೆಲದಡಿಗೆ ಇಳೀಬೇಕು ಕಣೋ ನಾನು. ಭಾನುವಾರ. ಸ್ವಲ್ಪ ಅಗೀತೀನಿ."

"ಅಕ್ಕಾ, ಜನ ಮನೆ ಕೊಳ್ಳೋಕೆ ಮೇಲೆ ಹತ್ತುತಾರೆ. ನೀನು ಪಾತಾಳಕ್ಕೆ ಇಳೀತೀಯಲ್ಲ!"

"ಪಾತಾಳ ಗಟ್ಟಿ ಇದ್ರೆ ತಾನೆ ನಿನ್ನ ಒಲೆ ಉರಿಯೋದು? ನಿಂಗೂ ಹೇಳ್ತೀನಿ ಹೇಗಿದೆ ಅಂತ. ಬಿಟ್ಟಿ."

ಬಿಟ್ಟಿ ಎಂದೊಡನೆ ನುರೆತ್ತಿನ್ ಒಪ್ಪಿದ.

ಭಾನುವಾರ ಅವಳು ಮೊಣಕಾಲೂರಿ ಮೂರು ಗಂಟೆ ಅಗೆದಳು. ಗೋಡೆಯ ಇಟ್ಟಿಗೆ ಮುಗಿದು ಮರದ ಕಂಬ ಶುರುವಾಗುವ ಮೊದಲೇ ಗುಂಡಿಗೆ ನೀರು ಬಂತು. ಹಾಗಾದರೆ ಮರ ಪೂರಾ ಮುಳುಗಿದೆ, ಎಂದುಕೊಂಡಳು. ಇನ್ನಷ್ಟು ಅಗೆದು, ತೋಳು ಇಳಿಬಿಟ್ಟು, ದಬ್ಬಳವನ್ನು ಕಂಬಕ್ಕೆ ಬಲವಾಗಿ ಒತ್ತಿದಳು. ತುದಿಯಷ್ಟೇ ಇಳಿಯಿತು. ಪಕ್ಕದ ಕಂಬಕ್ಕೂ ತುದಿಯಷ್ಟೇ.

"ಬದುಕಿದೀಯಾ?" ಮೇಲಿಂದ ನುರೆತ್ತಿನ್ ಕೂಗಿದ.

"ಯಾರು, ನಾನೋ ಕಂಬಾನೋ?"

"ಇಬ್ರೂ!"

"ಇಬ್ರೂ ಇನ್ನೂ ನೂರು ವರ್ಷ ಇರ್ತೀವಿ ಬಿಡು!"

ಸೋಮವಾರ ಅವಳು ಮಾಲೀಕರು ಕೇಳಿದ್ದ ಬೆಲೆಯನ್ನೇ ಬರೆದಳು. ಅದಕ್ಕಿಂತ ಒಂದು ಯೂರೋ ಹೆಚ್ಚು ಬರೆಯಲು ಅವಳಲ್ಲಿರಲಿಲ್ಲ. ಕೆಳಗೆ ದಪ್ಪಕ್ಷರದಲ್ಲಿ, "ನನ್ನ ಕಡೆಯಿಂದ ಯಾವ ಷರತ್ತೂ ಇಲ್ಲ" ಎಂದು ಸೇರಿಸಿದಳು.

ಮಂಗಳವಾರ ಕೆಲಸದ ಗುಂಡಿಯಲ್ಲಿದ್ದಾಗ ಬಾಸ್ತಿಯಾನನ ಫೋನು ಬಂತು. "ಮೇಡಂ, ನಿಮಗಿಂತ ಹದಿನೆಂಟು ಸಾವಿರ ಜಾಸ್ತಿ ಬರ್ದೋರು ಒಬ್ರಿದಾರೆ."

ಎಂಟನೆಯದೂ ಹೋಯಿತು, ಎಂದುಕೊಂಡಳು ವಿಲ್ಮಿನ.

"ಆದ್ರೆ ಅವರು ತಳಪಾಯ ಪರೀಕ್ಷೆ ಆಗ್ಲಿ, ಸರಿಯಿಲ್ದಿದ್ರೆ ಕೊಳ್ಳಲ್ಲ ಅಂತಿದಾರೆ. ಮನೆ ಒಡತಿ ನಿಮ್ಮ ಹತ್ರ ಮಾತಾಡ್ಬೇಕಂತೆ."

ಒಡತಿ ಎಂಬತ್ತಮೂರು ವರ್ಷದ ಕ್ಲಾಪ್‌ವೈಕ್ ಅಜ್ಜಿ. "ಏನಮ್ಮ, ಬಂದೋರೆಲ್ಲ ನನ್ನ ಮನೇನ ರೋಗಿ ನೋಡ್ದಂಗೆ ನೋಡಿ ಹೋದ್ರು. ನಿಂಗೆ ಭಯ ಇಲ್ವಾ? ಆ ಪರೀಕ್ಷೆಲಿ ಏನು ಬರುತ್ತೆ ಅಂತೀಯ?"

ಗೊತ್ತಿಲ್ಲ ಎಂದುಬಿಟ್ಟರೆ ಮುದುಕಿ ಹೆದರಿ ಮನೆಯನ್ನು ತನಗೇ ಕೊಡುತ್ತಾಳೆ. ವಿಲ್ಮಿನಳಿಗೆ ಅದು ಚೆನ್ನಾಗಿಯೇ ಗೊತ್ತಿತ್ತು. ಆ ಮಾತು ನಾಲಗೆಯ ತುದಿಗೂ ಬಂತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಗಟ್ಟಿ ಕಂಬವನ್ನೂ ಅವಳು ಕೊಳೆತಿದೆ ಎಂದವಳಲ್ಲ.

"ನಾನೇ ಕೆಳಗಿಳಿದು ಮುಟ್ಟಿ ನೋಡಿದೀನಿ ಅಜ್ಜಿ. ಮನೆ ಓರೆ, ನಿಜ. ಆದ್ರೆ ನಾನು ನೋಡಿದ ಕಂಬಗಳು ನನ್ನ ಮೊಣಕಾಲಿಗಿಂತ ಗಟ್ಟಿ. ಪರೀಕ್ಷೆ ಮಾಡ್ಸಿ, ಪಾಸಾಗುತ್ತೆ. ಆ ಹದಿನೆಂಟು ಸಾವಿರ ನಿಮ್ಮದಾಗುತ್ತೆ."

ಹೇಳಿಬಿಟ್ಟು ಕಣ್ಣು ಮುಚ್ಚಿಕೊಂಡಳು. ಸತ್ಯವಂತೆ ಎನಿಸಿಕೊಂಡು ಬೀದಿಪಾಲಾದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಅತ್ತ ಕಡೆ ಅಜ್ಜಿ ಕೆಮ್ಮಿದಳೋ ನಕ್ಕಳೋ ತಿಳಿಯಲಿಲ್ಲ. "ನಾನು ಐವತ್ತು ವರ್ಷ ಬಾಳಿದ ಮನೆ ಕಣೆ ಅದು. ಅದನ್ನ ಹೊಗಳಿದೋಳು ನೀನೊಬ್ಳೇ, ಅದೂ ನಿನ್ನ ಹೊಟ್ಟೆ ಮೇಲೆ ನೀನೇ ಹೊಡ್ಕೊಂಡು. ಈ ವಯಸ್ಸಲ್ಲಿ ಹದಿನೆಂಟು ಸಾವಿರ ಹೊತ್ಕೊಂಡು ಎಲ್ಲಿಗೆ ಹೋಗ್ಲಿ ನಾನು? ತಗೋ, ನಿಂದೇ."

ವಿಲ್ಮಿನ ಗುಂಡಿಯಿಂದ ಹತ್ತಿ ಬಂದು, ಕೆಸರಿನ ಬೂಟಿನಲ್ಲೇ ನಡುಬೀದಿಯಲ್ಲಿ ನಿಂತು, ಟ್ರಾಮಿನವನು ಗಂಟೆ ಬಾರಿಸುತ್ತಿದ್ದರೂ ಲೆಕ್ಕಿಸದೆ ಕುಣಿದಳು. ಗೆದ್ದೆ, ಗೆದ್ದೆ ಎಂದು ಅರಚಿದಳು. ಆಮೇಲೆ ನುರೆತ್ತಿನನಿಗೆ ಫೋನು ಮಾಡಿದಳು.

"ಲೋ, ನಾಳೆಯಿಂದ ನನ್ನನ್ನ ಗಿರಾಕಿ ಅನ್ಬೇಡ. ನೆರೆಮನೆಯವಳು ಅನ್ನು!"