ಕರೆದದ್ದು ಕೇಳಿಸಿತ್ತು

"ಎದ್ದು ನಿಲ್ಲಮ್ಮ, ಸಂಕೋಚ ಯಾಕೆ?" ಎಂದರು ಪಾದ್ರಿಗಳು.

ಎಲ್ಲರೂ ಟೈಲರಮ್ಮ ಎಂದೇ ಕರೆಯುತ್ತಿದ್ದ ಹೆಂಗಸು ಚರ್ಚಿನ ಬೆಂಚಿನಿಂದ ಎದ್ದು ನಿಂತಳು. ಗಂಡನನ್ನು ಮಣ್ಣು ಮಾಡಿ ಐದು ವಾರವಾಗಿತ್ತು. ಇಷ್ಟು ದಿನದಲ್ಲಿ ಅವಳಿಗೆ ಒಮ್ಮೆಯೂ ಅಳು ಬಂದಿರಲಿಲ್ಲ. ಒಪ್ಪಿಕೊಂಡಿದ್ದ ಬಟ್ಟೆಗಳನ್ನೆಲ್ಲ ಹೊಲಿದು ಕೊಟ್ಟಿದ್ದಳು, ಅಷ್ಟೇ. ಸೂಜಿ ಬೆರಳಿಗೆ ಚುಚ್ಚಿದರೂ ಬಟ್ಟೆಯ ಮೇಲೆ ರಕ್ತ ಕಂಡ ಮೇಲೆಯೇ ಗೊತ್ತಾಗುತ್ತಿತ್ತು.

"ಏಳು ವರ್ಷ ಹಾಸಿಗೆ ಹಿಡಿದಿದ್ದ ಗಂಡನ್ನ ನಮ್ಮ ಈ ತಂಗಿ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡ್ಳು. ಕರೆದಾಗಲೆಲ್ಲ ಓಡಿ ಹೋದ್ಳು. ಕ್ರಿಸ್ತನ ಪ್ರೀತಿ ಅಂದ್ರೆ ಏನು ಅಂತ ಇವಳನ್ನ ನೋಡಿ ಕಲೀಬೇಕು."

ಮುಂದಿನ ಸಾಲಿನ ಹೆಂಗಸರು ತಿರುಗಿ ನೋಡಿ ಮುಗುಳ್ನಕ್ಕರು. ಪಕ್ಕದಲ್ಲಿ ಕೂತಿದ್ದ ಅತ್ತೆ ಮಾತ್ರ ತಲೆ ಎತ್ತಲಿಲ್ಲ.

"ಓಡಿ ಹೋಗ್ಲಿಲ್ಲ ಫಾದರ್," ಎಂದಳು ಟೈಲರಮ್ಮ.

"ನೋಡಿ, ಎಂಥ ವಿನಯ!" ಎಂದರು ಪಾದ್ರಿಗಳು.

"ಕೊನೇ ದಿನ ಮಧ್ಯಾಹ್ನ ನಮ್ಮನೆಯವ್ರು ಕರೆದ್ರು. ಬೆಳಿಗ್ಗೆಯಿಂದ ಎಷ್ಟನೇ ಸಲವೋ ಏನೋ. ಕಾಲರ್ ಕೂರಿಸ್ತಾ ಇದ್ದೆ. ನೀರಿಗೇ ಇರ್ಬೇಕು, ಕರೀಲಿ ಬಿಡು ಅಂದ್ಕೊಂಡೆ. ಕೇಳಿಸ್ಬಾರ್ದು ಅಂತ ಮೆಷಿನ್ ಇನ್ನೂ ಜೋರಾಗಿ ತುಳಿದೆ. ಇನ್ನೊಂದು ಕಾಲರೂ ಮುಗಿಸ್ಕೊಂಡು ಹೋದೆ. ಅಷ್ಟರಲ್ಲಿ ಹೋಗ್ಬಿಟ್ಟಿದ್ರು."

ಬಟ್ಟೆ ಯಾವತ್ತು ಕೊಡುತ್ತೀರಿ ಎಂದು ಕೇಳಿದವರಿಗೆ ಉತ್ತರ ಕೊಡುವ ದನಿಯಲ್ಲೇ ಹೇಳಿ ಮುಗಿಸಿದಳು. ಯಾರೋ ಕೆಮ್ಮಿದರು. ಪಾದ್ರಿಗಳು ಕೈಯಲ್ಲಿದ್ದ ಪ್ರಸಂಗದ ಕಾಗದ ನೋಡಿಕೊಂಡರು.

ಅತ್ತೆ ಮುಂದಿನ ಬೆಂಚು ಹಿಡಿದುಕೊಂಡು ಎದ್ದಳು.

"ನಂಗೂ ಕೇಳಿಸಿತ್ತು. ಪಕ್ಕದ ರೂಮಲ್ಲೇ ಮಲಗಿದ್ದೆ, ನಿದ್ದೆಯೇನೂ ಬಂದಿರ್ಲಿಲ್ಲ. ಅವ್ಳು ಹೋಗ್ತಾಳೆ ಬಿಡು ಅಂತ ಮಗ್ಗುಲು ಬದಲಾಯಿಸ್ದೆ. ಹೆತ್ತೋಳು ನಾನು."

ಸೊಸೆ ಅವಳತ್ತ ತಿರುಗಿದಳು. ಐದು ವಾರ ಇಬ್ಬರೂ ಎದುರುಬದುರು ಕೂತು ಉಂಡಿದ್ದರು. ಉಪ್ಪು ಕೊಡು ಎನ್ನುವುದಕ್ಕಿಂತ ಹೆಚ್ಚಿನ ಮಾತು ನಡೆದಿರಲಿಲ್ಲ.

"ನೀವು ಕೂತ್ಕೊಳ್ಳಿ ಅತ್ತೆ. ಮಂಡಿ ನೋವು."

"ನೀನು ಒಬ್ಳೇ ನಿಂತಿರುವಾಗ ಹೆಂಗೇ ಕೂತ್ಕೊಳ್ಲಿ?"

ಪಾದ್ರಿಗಳು ಕನ್ನಡಕ ತೆಗೆದು, "ಪ್ರಾರ್ಥನೆ ಮಾಡೋಣ," ಎಂದರು. ತಪ್ಪುಗಳನ್ನು ಕ್ಷಮಿಸೆಂದು ಬೇಡುವ ಸಾಲಿಗೆ ಬಂದಾಗ ಅವರ ದನಿಯೇ ತಡವರಿಸಿತು.

ಹೊರಗೆ ಮೆಟ್ಟಿಲಿಳಿಯುವಾಗ ಅತ್ತೆಯ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿತು. ಸೊಸೆ ಕುಕ್ಕರಗಾಲಲ್ಲಿ ಕೂತು ಬಕಲ್ ಹಾಕತೊಡಗಿದಳು. ಮುಗ್ಗರಿಸದಿರಲೆಂದು ಮುದುಕಿ ಅವಳ ತಲೆಯ ಮೇಲೆ ಕೈಯೂರಿದಳು. ಬಕಲ್ ಹಾಕಿ ಆಯಿತು. ಕೈ ಅಲ್ಲೇ ಇತ್ತು. ಸೊಸೆ ಏಳಲಿಲ್ಲ. ಜನ ಅವರಿಬ್ಬರನ್ನು ಬಳಸಿಕೊಂಡು ಇಳಿದು ಹೋಗುತ್ತಿದ್ದರು.