ಹುಳುಮನೆಯ ರಾಜ

ನನ್ನ ಕೋಪ ಚಿಂತಾಮಣಿಯಲ್ಲಿ ಸಾಕಷ್ಟು ಜನಕ್ಕೆ ಗೊತ್ತು. ನನ್ನ ಫ್ಲೆಕ್ಸ್ ಅಂಗಡಿಗೆ ಗಿರಾಕಿ ತಂದ ಫೋಟೋ ಮಸುಕಾಗಿದ್ದರೆ ಬೈಯುತ್ತೇನೆ, ಫೋಟೋ ಚೆನ್ನಾಗಿದ್ದರೆ ಕಾಗುಣಿತ ತಪ್ಪಿದೆ ಎಂದು ಬೈಯುತ್ತೇನೆ. ಇಂಥವನು ಭಾನುವಾರ ಅಂಗಡಿ ಮುಚ್ಚಿ, ಕೆಂಚಾರ್ಲಹಳ್ಳಿಗೆ ಹೋಗಿ, ಮಕ್ಕಳಿಗೆ ಪುಕ್ಕಟೆ ನಾಟಕ ಕಲಿಸುತ್ತೇನೆಂದಾಗ ಹೆಂಡತಿ ಶಿರೀಷಾ ನಂಬಲೇ ಇಲ್ಲ. ಪಾಪ, ಆ ಮಕ್ಕಳು ಏನು ತಪ್ಪು ಮಾಡಿದ್ದವು ಎಂದು ಕೇಳಿದಳು.

ಹನ್ನೊಂದು ಮಕ್ಕಳು. ಎಲ್ಲರೂ ಕೂಲಿಯವರ, ರೇಷ್ಮೆ ಬೆಳೆಯುವ ಸಣ್ಣ ರೈತರ ಮನೆಯವರು. ಟ್ಯೂಷನ್ನಿಗೇ ದುಡ್ಡಿಲ್ಲದ ಮನೆಗಳಿಂದ ನಾಟಕದ ಕ್ಲಾಸಿಗೆ ಯಾರು ಕಳಿಸುತ್ತಾರೆ? ಪುಕ್ಕಟೆಯೆಂದು ಕಳಿಸಿದರು. ಅವರಲ್ಲಿ ಬಿಂದುಶ್ರೀ ಎಂಬ ಹದಿನೈದರ ಹುಡುಗಿ ಬಾಯಿ ತೆರೆದರೆ ಉಳಿದವರು ಮಾತು ನಿಲ್ಲಿಸುತ್ತಿದ್ದರು. ಅವಳಿಗೇ ರಾಜನ ಪಾತ್ರ ಕೊಟ್ಟೆ. ನಾಟಕ ನಾನೇ ಬರೆದದ್ದು. ನಾಳೆಯೊಳಗೆ ತನಗೊಂದು ರೇಷ್ಮೆ ಪಂಚೆ ಬೇಕೆಂದು ಹಟ ಹಿಡಿಯುವ ರಾಜ, ಅವನನ್ನು ಸಂಭಾಳಿಸಲಾರದೆ ಒದ್ದಾಡುವ ಮಂತ್ರಿ. ರಾಜನ ಬಾಯಲ್ಲಿ ‘ಎಲವೋ ಅಮಾತ್ಯ’ ಎಂದೆಲ್ಲ ಭಾರಿ ಮಾತು ಇಟ್ಟಿದ್ದೆ. ಬಿಂದುಶ್ರೀ ಅವನ್ನು ಬೆಟ್ಟ ಹತ್ತಿದವಳ ಹಾಗೆ ಏದುಸಿರು ಬಿಡುತ್ತ ಹೇಳುತ್ತಿದ್ದಳು. ನಾನು ಸಾಲು ಸಾಲಿಗೂ ನಿಲ್ಲಿಸಿ ತಿದ್ದುತ್ತಿದ್ದೆ.

ತೊಡಕಿದ್ದದ್ದು ಅವಳ ಅಜ್ಜಿ ಚಿಕ್ಕಮುನಿಯಮ್ಮನದು. ಬಿಂದುಶ್ರೀಯ ಅಪ್ಪ ಪಿಳ್ಳಪ್ಪ ಹೆಸರಿಗಷ್ಟೇ ಯಜಮಾನ. ಅಜ್ಜಿ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದ. ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕಾದ ಕೈ ರಟ್ಟಿನ ಕತ್ತಿ ತಿರುಗಿಸುತ್ತಿದೆ ಎಂಬುದು ಅವಳ ದೂರು. ಕೊನೆಗೆ ನನ್ನನ್ನು ಕರೆಸಿ ಕರಾರು ಹಾಕಿದಳು.

“ಒಂದ್ ಸಲ ಕೂತ್ಕೊಂಡು ನೋಡ್ತೀನಪ್ಪ. ಹಿಡಿಸಿದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಭಾನುವಾರ ಅವ್ಳು ಸೊಪ್ಪಿಗೆ, ನೀನು ನಿನ್ನ ಅಂಗ್ಡಿಗೆ.”

ಬಿಂದುಶ್ರೀ ನಾಟಕ ಬಿಟ್ಟರೆ ಉಳಿದ ಮನೆಯವರೂ ಮಕ್ಕಳನ್ನು ಬಿಡಿಸುತ್ತಾರೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಆ ವಾರವೆಲ್ಲ ಅವಳು ಸರಿಯಾಗಿ ಊಟ ಮಾಡಲಿಲ್ಲವಂತೆ.

ನಾಟಕದ ದಿನ ಗೊತ್ತು ಮಾಡಿದ ಬುದ್ಧಿವಂತ ನಾನೇ. ಮನೆಯ ರೇಷ್ಮೆ ಹುಳು ಸೋಮವಾರ ಹಣ್ಣಾಗುತ್ತದೆ, ಅಂದರೆ ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಲು ಅಣಿಯಾಗುತ್ತದೆ ಎಂದು ಪಿಳ್ಳಪ್ಪ ಹೇಳಿದ್ದ. ಹಾಗಾದರೆ ಭಾನುವಾರ ನಾಲ್ಕಕ್ಕೆ ನಾಟಕ ಎಂದು ಫ್ಲೆಕ್ಸ್ ಹೊಡೆದು ಕಟ್ಟಿಯೇಬಿಟ್ಟೆ. ಆ ವಾರದ ಸೆಖೆಯನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಹುಳು ಹಿಡಿಯಿತು.

ಭಾನುವಾರ ಮೂರೂವರೆಗೆ ಎಲ್ಲರ ಮುಖಕ್ಕೂ ಪೌಡರ್ ಮೆತ್ತಿ, ಬಿಂದುಶ್ರೀಗೆ ಮೀಸೆ ಅಂಟಿಸುತ್ತಿದ್ದೆ. ಪಿಳ್ಳಪ್ಪ ಓಡಿ ಬಂದ. ಸೆಖೆಗೆ ಹುಳು ಒಂದು ದಿನ ಮೊದಲೇ, ಎಲ್ಲ ಒಟ್ಟಿಗೇ ಹಣ್ಣಾಗಿಬಿಟ್ಟಿದೆ, ಈಗಲೇ ಆರಿಸದಿದ್ದರೆ ಬೆಳೆ ಹೋಯಿತು, ಕೈ ಸಾಲದು ಎಂದ. ಅವನ ಮಾತು ಮುಗಿಯುವ ಮೊದಲೇ ನನ್ನ ಇಡೀ ರಾಜಸಭೆ ಎದ್ದು ಓಡಿತು. ಆ ಊರಲ್ಲಿ ಯಾರ ಮನೆಯ ಹುಳು ಹಣ್ಣಾದರೂ ಬೀದಿಯವರೆಲ್ಲ ಕೈ ಹಾಕಬೇಕು. ಇವತ್ತು ಬಾರದವನ ಮನೆಗೆ ನಾಳೆ ಯಾರೂ ಬರುವುದಿಲ್ಲ. ನಾಟಕ ನೋಡಲು ಬಂದಿದ್ದವರೂ ಎದ್ದು ಹೋದರು. ಉಳಿದದ್ದು ನಾನು ಮತ್ತು ಫ್ಲೆಕ್ಸು.

ಹುಳುಮನೆಯ ಬಾಗಿಲಲ್ಲಿ ಚಿಕ್ಕಮುನಿಯಮ್ಮ ಕಾವಲು ನಿಂತಿದ್ದಳು. ಪೌಡರಿನ ವಾಸನೆ ಹುಳುವಿಗೆ ಆಗದು. ಒಬ್ಬೊಬ್ಬರನ್ನೇ ತೊಟ್ಟಿಯ ಹತ್ತಿರ ಕರೆದು, ಮುಖ ಕೈಕಾಲು ತೊಳೆಸಿ, ಮೂಸಿ ನೋಡಿ ಒಳಗೆ ಬಿಟ್ಟಳು. ರಾಜನ ಮೀಸೆಯನ್ನು ತಾನೇ ಕಿತ್ತಳು. ಒಂದು ಗಂಟೆಯ ನನ್ನ ಶ್ರಮ ಮೋರಿ ಸೇರಿತು. ಕೊನೆಗೆ ನಾನೂ ಮುಖ ತೊಳೆದುಕೊಂಡು ಹೋದೆ. ನನ್ನನ್ನೂ ಮೂಸಿ, ಜರ್ದಾ ಹಾಕುತ್ತೀಯಾ ಎಂದು ಕೇಳಿದಳು. ಇಲ್ಲ ಎನ್ನಲು ಬಾಯಿ ತೆರೆದೆ. ತೆರೆದದ್ದೇ ತಪ್ಪಾಯಿತು. ಹೊಗೆಸೊಪ್ಪಿನ ಗಾಳಿ ಸೋಕಿದರೂ ಹುಳು ಸಾಯುತ್ತದೆ, ಆಚೆ ನಿಲ್ಲು ಎಂದು ಬಾಗಿಲು ಎಳೆದುಕೊಂಡಳು.

ನೊಣ ಬಾರದಂತೆ ಬಲೆ ಹೊಡೆದ ಕಿಟಕಿಯಿಂದ ಮಾರು ದೂರದಲ್ಲಿ ನಿಂತು ಒಳಗೆ ನೋಡಿದೆ. ಎಲ್ಲರೂ ತಲೆ ತಗ್ಗಿಸಿ, ಹಣ್ಣು ಹುಳುಗಳನ್ನು ಆರಿಸಿ, ಚಂದ್ರಿಕೆ ಎಂಬ ಬಿದಿರಿನ ಅಗಲ ತಟ್ಟಿಗಳ ಮೇಲೆ ಬಿಡುತ್ತಿದ್ದರು. ಬಿಂದುಶ್ರೀಯ ಕೆನ್ನೆಯ ಮೇಲಿದ್ದದ್ದು ತೊಳೆದ ನೀರೋ ಅಳುವೋ ತಿಳಿಯಲಿಲ್ಲ. ಈ ಅಜ್ಜಿ ಎರಡನೇ ಸಲ ಕೂತು ನೋಡುವವಳಲ್ಲ.

ಆಗ ಮಂತ್ರಿಯ ಪಾತ್ರದ ಸಾಬ್ರೀನ್ ಹುಳು ಆರಿಸುತ್ತಲೇ ಮೆಲ್ಲಗೆ ಶುರು ಮಾಡಿದಳು. “ಮಹಾಪ್ರಭು, ಹುಳ ಇನ್ನೂ ಸೊಪ್ಪು ತಿಂತಾ ಐತೆ. ಪಂಚೆ ನಾಳಿಕ್ಕಾಗಲ್ಲ.”

ಬಿಂದುಶ್ರೀ ತಲೆ ಎತ್ತಿದಳು. ‘ಎಲವೋ ಅಮಾತ್ಯ’ ಎನ್ನಬೇಕಿತ್ತು. ನಾನು ಆಚೆಯಿಂದ ತುಟಿ ಆಡಿಸಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

“ಏಮ್ಮಾ ಮಂತ್ರಿ, ಹುಳ ತಿಂತಾ ಐತೆ ಅಂತ ನೀನೂ ತಿಂತಾ ಕೂತಿದ್ದೀಯಾ? ನನ್ನ ಕಾಲ್ದಲ್ಲಿ ಒಬ್ಳೇ ಮನೆ ತುಂಬ ಹುಳ ಸಾಕಿದೀನಿ. ಯಾವ ಮಂತ್ರೀನೂ ಇರ್ಲಿಲ್ಲ.”

ಅದು ರಾಜನ ಮಾತಲ್ಲ, ಚಿಕ್ಕಮುನಿಯಮ್ಮನದು. ಆ ಧ್ವನಿ, ಮೂಗೇರಿಸುವ ರೀತಿ, ಮಾತಿನ ಕೊನೆಯ ನಿಟ್ಟುಸಿರು, ಎಲ್ಲವೂ ಅವಳದೇ. ಹುಳುಮನೆಯಲ್ಲಿ ಕೂಗಬಾರದೆಂದು ಪಿಸುದನಿಯಲ್ಲಿ ಹೇಳಿದ್ದರಿಂದ ಇನ್ನೂ ಹೆಚ್ಚು ಚುಚ್ಚುವಂತಿತ್ತು. ಪಿಳ್ಳಪ್ಪ ಒಂದು ಚಂದ್ರಿಕೆಯ ಹಿಂದೆ ಮುಖ ಮರೆಸಿಕೊಂಡ, ಚಂದ್ರಿಕೆ ಅಲುಗಾಡತೊಡಗಿತು. ರಾಜ ಹುಳುವನ್ನು ಬೈದ, ಸೊಪ್ಪನ್ನು ಬೈದ, ಪಂಚೆ ನಿಲ್ಲದ ತನ್ನ ಸೊಂಟವನ್ನೇ ಬೈದ. ಮಂತ್ರಿ ಒಂದೊಂದಕ್ಕೂ ಕೈಯಲ್ಲಿ ಹುಳು ಹಿಡಿದೇ ಕ್ಷಮೆ ಕೇಳಿದಳು. ನಾನು ಬರೆದ ಒಂದೇ ಒಂದು ಸಾಲೂ ಅಲ್ಲಿರಲಿಲ್ಲ.

ಅಷ್ಟರಲ್ಲಿ ಅಜ್ಜಿಯ ಕೈ ನಿಂತಿತು. ಬಿಂದುಶ್ರೀ ಬಿಳಿಚಿಕೊಂಡಳು. ಮುಗಿಯಿತು, ಇನ್ನು ಭಾನುವಾರಗಳೆಲ್ಲ ಸೊಪ್ಪಿಗೇ ಎಂದುಕೊಂಡೆ.

“ಬಿಂದು, ನಾನು ಬೈಯೋವಾಗ ಮೊದ್ಲು ಸೊಂಟದ ಮೇಲೆ ಕೈ ಇಡ್ತೀನಿ ಕಣೇ,” ಎಂದಳು ಚಿಕ್ಕಮುನಿಯಮ್ಮ. “ಆಮೇಲೆ ಬಾಯಿ ಬಿಡ್ತೀನಿ. ಇನ್ನೊಂದ್ ಸಲ ಮಾಡು.”

ಮಾಡಿದಳು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಾನೂ ನಕ್ಕೆ, ಹೊಟ್ಟೆಕಿಚ್ಚೂ ಪಟ್ಟೆ. ನಾಲ್ಕು ತಿಂಗಳು ಬೈದು ತಿದ್ದಿದರೂ ನನಗೆ ಸಿಗದ ರಾಜ, ನಾನು ಬಾಯಿ ಮುಚ್ಚಿಕೊಂಡು ಆಚೆ ನಿಂತ ಅರ್ಧ ಗಂಟೆಯಲ್ಲಿ ಬಂದುಬಿಟ್ಟಿದ್ದ. ಇದನ್ನು ಶಿರೀಷಾಗೆ ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದೆ.

ಕೊನೆಯ ಹುಳು ಚಂದ್ರಿಕೆ ಸೇರುವಾಗ ಸಂಜೆಯಾಗಿತ್ತು. ಅಜ್ಜಿ ಆಚೆ ಬಂದು ಕೈ ತೊಳೆದುಕೊಂಡಳು. ಬಿಂದುಶ್ರೀ ಅವಳ ಹಿಂದೆಯೇ ಬಂದು ನಿಂತಳು. ನಾನೇ ಕೇಳಿದೆ, ಮುಂದಿನ ಭಾನುವಾರ ಹೇಗೆ ಎಂದು.

“ಬರ್ತಾಳೆ,” ಎಂದಳು ಅಜ್ಜಿ. “ಗೂಡು ಬಿಡಿಸಿದ್ಮೇಲೆ ಹುಳುಮನೆ ಖಾಲೀನೇ ಇರ್ತದೆ, ಅಲ್ಲೇ ಮಾಡ್ಕೊಳ್ಳಲಿ. ನೀನೂ ಬಾರಪ್ಪ, ಬೇಡ ಅನ್ನಲ್ಲ. ಇವತ್ತು ನಿಂತಿದ್ಯಲ್ಲ, ಅಲ್ಲೇ ನಿಂತ್ಕೊ.”