ಅಪ್ಪನ ಅಳತೆಯ ತೋಳು

"ತೋಳು ಇಷ್ಟುದ್ದ ಇಟ್ಟಿದೀರಲ್ಲಮ್ಮ, ನಾನು ಹಿಟ್ಟು ನಾದಬೇಕೋ, ಬೀದಿ ಗುಡಿಸಬೇಕೋ?"

ಬೇಕರಿಯವನು ಹೊಸ ಅಂಗಿ ತೊಟ್ಟು ಟೈಲರ್ ಅಂಗಡಿಯ ನಡುವೆ ನಿಂತಿದ್ದ. ಬೆರಳ ತುದಿಯೂ ಕಾಣುತ್ತಿರಲಿಲ್ಲ. ಅಪ್ಪನ ಅಂಗಡಿ ನೋಡಿಕೊಳ್ಳುವ ಮಗಳು ನಗು ನುಂಗಿಕೊಂಡು ಅವನನ್ನು ಬೆಂಚಿನ ಮೇಲೆ ಕೂರಿಸಿ, ಕಂಪ್ಯೂಟರಿನಲ್ಲಿ ಅವನ ಅಳತೆ ತೆಗೆದು ನೋಡಿದಳು. ಅವಳ ತಮ್ಮ ಅದಕ್ಕೆ ನಾಲ್ಕೇ ಅಂಕಿ ಕೊಟ್ಟಿದ್ದ. ಐದನೆಯದು, ತೋಳಿನದು, ಮರೆತೇಹೋಗಿತ್ತು.

"ಮರೆತಿದ್ರೆ ಅದು ಕೇಳಬೇಕಿತ್ತಲ್ಲ ಅಕ್ಕ! ಸುಮ್ನೆ ಯಾಕೆ ಬರೀತು?" ತಮ್ಮ ಕಂಪ್ಯೂಟರಿನತ್ತ ಬೆರಳು ಮಾಡಿದ.

ಯಾಕೆಂದು ಅವಳಿಗೆ ಗೊತ್ತಿತ್ತು. ಹದಿನೆಂಟನೇ ವಯಸ್ಸಿನಲ್ಲಿ, ರಟ್ಟು ಹರಿದ ಪುಸ್ತಕವೊಂದನ್ನು ನೋಡಿಕೊಂಡು ಕಂಪ್ಯೂಟರಿಗೆ ಅವಳೇ ಬರೆದ ಸ್ಕ್ರಿಪ್ಟ್ ಅದು. ಅದರಲ್ಲಿ 'ಅಂಗಿ' ಅಂತ ಒಂದು ಪ್ರೊಸೀಜರ್, ಅಂದರೆ ಒಂದೇ ಹೆಸರಿನಡಿ ಕಟ್ಟಿಟ್ಟ ಆದೇಶಗಳ ಸಾಲು. ಹೆಸರು ಕರೆದು ಕಂಸದೊಳಗೆ ಐದು ಅಳತೆ ಕೊಟ್ಟರೆ ಸಾಕು, ದೊಡ್ಡ ಪ್ರಿಂಟರ್ ಕಾಗದದ ಮೇಲೆ ಅಂಗಿಯ ನಕ್ಷೆ ಬರೆದುಕೊಡುತ್ತಿತ್ತು. ಉದ್ದ, ಭುಜ, ಎದೆ, ಕತ್ತು, ತೋಳು. ಅಪ್ಪ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಕೂಗುತ್ತಿದ್ದ ಕ್ರಮ ಅದು. ಪುಟ್ಟ ಹುಡುಗಿಯಾಗಿದ್ದಾಗ ಅವಳು ನೋಟುಬುಕ್ಕಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದ ಕ್ರಮ. ಸ್ಕ್ರಿಪ್ಟು ಸರಿಯಿದೆಯೇ ಎಂದು ನೋಡಲು ಪ್ರತಿ ಸಲ ಐದೂ ಅಂಕಿ ಒತ್ತಿ ಅವಳು ಬೇಸತ್ತಾಗ ಅಪ್ಪನೇ ಉಪಾಯ ಹೇಳಿದ್ದರು: "ಏನೂ ಕೊಡದಿದ್ರೆ ನನ್ನ ಅಳತೆ ತಗೊಳ್ಳಲಿ ಅಂತ ಬರ್ಕೋ. ನಾನೇನು ಓಡಿಹೋಗ್ತೀನಾ?"

ಹಾಗೆ ಬಿಟ್ಟುಹೋದ ಅಳತೆಯ ಜಾಗದಲ್ಲಿ ಇಪ್ಪತ್ತು ವರ್ಷ ಅಪ್ಪ ನಿಂತಿದ್ದರು.

"ಆ ಅಂಕಿಗಳನ್ನ ತೆಗೆದುಬಿಡಕ್ಕ," ಎಂದ ತಮ್ಮ. "ಒಂದು ಅಳತೆ ಬಿಟ್ರೂ ಕೆಲಸ ಮುಂದಕ್ಕೇ ಹೋಗಬಾರದು."

ಮಾತು ನ್ಯಾಯವೇ. ಆದರೂ ಅವಳ ಬೆರಳು ಏಳಲಿಲ್ಲ.

"ಯಾವ ಅಂಕಿ?" ಕಿಟಕಿಯ ಪಕ್ಕ ಬೆನ್ನು ಬಗ್ಗಿಸಿ ಗುಂಡಿ ಹೊಲಿಯುತ್ತಿದ್ದ ಅಪ್ಪ ಕನ್ನಡಕ ಮೇಲೇರಿಸಿದರು.

ಅವಳು ಓದಿದಳು. ಮೂವತ್ತೊಂದು, ಹತ್ತೊಂಬತ್ತು, ನಲವತ್ತೆರಡು, ಹದಿನಾರು, ಇಪ್ಪತ್ತೈದು.

"ಅಬ್ಬಾ! ಯಾರಮ್ಮ ಆ ದೊಡ್ಡ ಮನುಷ್ಯ? ನನಗೂ ಸ್ವಲ್ಪ ಪರಿಚಯ ಮಾಡಿಸು."

"ನಾನು ನೋಡಿದೀನಿ ಯಜಮಾನ್ರೇ," ಎಂದ ಬೇಕರಿಯವನು, ತೋಳು ಮಡಚಿಕೊಳ್ಳುತ್ತ. "ಈ ಬಾಗಿಲಲ್ಲಿ ತಲೆ ತಗ್ಗಿಸಿ ಬರೋರು."

ಅಪ್ಪ ಬಾಗಿಲ ಕಡೆ ನೋಡಿದರು. ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡರು. "ತೆಗಿಯಮ್ಮ. ಬಂದವನ ಮೈಗೆ ಹೊಲಿಬೇಕು, ನನ್ನ ಮೈಗಲ್ಲ."

ಅವಳು ಕಂಸ ಖಾಲಿ ಬಿಟ್ಟು ಕೊನೆಯ ಸಲ 'ಅಂಗಿ'ಯನ್ನು ಕರೆದಳು. ಪ್ರಿಂಟರ್ ಗೊಣಗುತ್ತ ಅಗಲವಾದ ಎದೆಯನ್ನು, ನೀಳವಾದ ತೋಳುಗಳನ್ನು ಬರೆಯಿತು. ಕಾಗದವನ್ನು ಸುರುಳಿ ಸುತ್ತಿ, ಗಿರಾಕಿಗಳ ನಕ್ಷೆ ನೇತಾಡುವ ಮೊಳೆಗೆ ಸಿಕ್ಕಿಸಿದಳು. ಆಮೇಲೆ ಐದೂ ಅಂಕಿ ಅಳಿಸಿದಳು.

ತಿರುಗಿದರೆ ಅಪ್ಪ ಕನ್ನಡಿಯ ಮುಂದೆ ನಿಂತಿದ್ದಾರೆ. "ಹೊಸ ಗಿರಾಕಿ ಬಂದಿದಾನೆ. ಅಳತೆ ತಗೊಳ್ಳೋರು ಯಾರೂ ಇಲ್ವೇನ್ರೀ ಇಲ್ಲಿ?"

ಅವಳು ಟೇಪು ಹಿಡಿದು ಕೂಗಿದಳು. ತಮ್ಮ ಒಂದೊಂದಾಗಿ ಒತ್ತಿದ. ಉದ್ದ ಇಪ್ಪತ್ತೊಂಬತ್ತು. ಭುಜ ಹದಿನೇಳೂವರೆ. ಎದೆ, ಕತ್ತು ಮುಗಿದು ತೋಳಿನ ಸರದಿ ಬಂದಾಗ ಅಪ್ಪನ ಕೈ ಮೆಲ್ಲಗೆ ಕೆಳಕ್ಕೆ ಚಾಚಿತು.

"ಅಪ್ಪಾ, ಮೋಸ! ಕೈ ಎಳೀಬೇಡಿ."

"ಅರ್ಧ ಇಂಚು ಬಿಡೇ, ಕಂಜೂಸಿ."

ಅವಳು ಅರ್ಧ ಇಂಚು ಸೇರಿಸಿಯೇ ಕೂಗಿದಳು. ತಮ್ಮ ಐದನೆಯ ಅಂಕಿ ಒತ್ತಿದ. ಪ್ರಿಂಟರ್ ಕಾಗದ ಎಳೆದುಕೊಂಡಿತು.